ಮಲ್ಲಾಜಮ್ಮನ ಅರಿಶಿನದೆಲೆ ಸೋಪು

"ಮಲ್ಲಾಜಮ್ಮನ ಮನೆ ಹುಡುಕಕ್ಕೆ ಕಣ್ಣು ಯಾಕಪ್ಪಾ? ಮೂಗಿದ್ರೆ ಸಾಕು."

ಬೇಗೂರಿನ ಮಠದ ಬೀದಿಯವರು ಬಹಳ ಕಾಲ ಹೀಗೆ ಹೇಳುತ್ತಿದ್ದರು. ಬಸ್ಸಿಳಿದು ದಾರಿ ಕೇಳಿದ ಹೊಸಬರಿಗೆ ಎಡ ಬಲ ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಹಸಿ ಅರಿಶಿನ ಜಜ್ಜಿ ಅದರ ಮೇಲೆ ಯಾರೋ ನಿಂಬೆಹಣ್ಣು ಹಿಂಡಿದ ಹಾಗೆ ಒಂದು ವಾಸನೆ ಬರುತ್ತದೆ, ಅದನ್ನು ಹಿಡಿದುಕೊಂಡು ನಡೆಯಿರಿ ಅನ್ನುತ್ತಿದ್ದರು. ಆ ಮನೆಯ ಎಮ್ಮೆ ಕೂಡ ಮದುವೆಗೆ ಹೊರಟವರ ಹಾಗೆ ಗಮ್ಮನ್ನುತ್ತದೆ ಎಂದು ಎದುರು ಮನೆಯ ಸುಧಾಮಣಿ ನಗುತ್ತಿದ್ದಳು. ಬೆನ್ನ ಹಿಂದೆ ಆಡುವ ಮಾತೂ ಇತ್ತು. ಗಂಡ ಇಲ್ಲದ ಹೆಂಗಸಿಗೆ ಇಷ್ಟು ಗಮಲು ಯಾಕೆ ಅಂತ. ಹಾಗೆ ಅಂದವರೇ ನೆಂಟರ ಮನೆಗೆ ಹೋಗುವ ದಿನ ಹಿತ್ತಿಲ ಬಾಗಿಲಿಗೆ ಬಂದು, ಅಕ್ಕಾ ಒಂದು ಸೋಪು ಕೊಡು ಅನ್ನುತ್ತಿದ್ದರು. ಅವಳು ಕೊಡುತ್ತಿದ್ದಳು.

ಬೀದಿ ಅಷ್ಟೆಲ್ಲ ಮಾತಾಡಿತು. ಆಡಲೇಬೇಕಾಗಿದ್ದ ಒಂದು ದಿನ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿತು. ಆ ದಿನಕ್ಕೆ ಬರುತ್ತೇನೆ. ಮೊದಲು ಆ ವಾಸನೆ ಹುಟ್ಟಿದ ಕಥೆ ಕೇಳಿ.

ಮಲ್ಲಾಜಮ್ಮ ಹರದನಹಳ್ಳಿಯ ಹೆಣ್ಣು. ಬೇಗೂರಿನ ಪುಟ್ಟಬಸಪ್ಪನ ಹಿರೀ ಮಗ ಶಿವಸ್ವಾಮಿಗೆ ಕೊಟ್ಟಿದ್ದರು. ಜ್ವರ ಬಂದು ಮೂರೇ ದಿನಕ್ಕೆ ಶಿವಸ್ವಾಮಿ ತೀರಿಕೊಂಡ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಮಾವ ಪುಟ್ಟಬಸಪ್ಪ, ಮೈದುನ ಮಲ್ಲೇಶ, ಅವನ ಹೆಂಡತಿ ಶಶಿರೇಖಾ, ಇವಳು. ತವರಿನವರು ಕರೆದರೂ ಇವಳು ಹೋಗಲಿಲ್ಲ. ಮಾವಯ್ಯನ ಪೂಜೆಗೆ ನೀರಿಡುವವರು ಯಾರು ಅಂದಳು.

ಪುಟ್ಟಬಸಪ್ಪನ ಪೂಜೆ ಅಂದರೆ ಹಾಗೇ. ಬೆಳಗಾಗ ಮಿಂದು, ಮೂರು ಬೆರಳಲ್ಲಿ ಹಣೆಗೆ ವಿಭೂತಿ ಎಳೆದು, ಎಡಗೈಯಲ್ಲಿ ಲಿಂಗ ಹಿಡಿದು ಕೂತರೆ ಮನೆ ಮಂದಿಯೆಲ್ಲ ಮೆತ್ತಗೆ ನಡೆಯಬೇಕು. ಒಂದು ದಿನ ಯಾರೋ ಅವನಿಗೆ, ಅಂಗಡಿ ಸೋಪಿಗೆ ದನದ ಕೊಬ್ಬು ಹಾಕಿರುತ್ತಾರೆ ಅಂತ ಹೇಳಿಬಿಟ್ಟರು. ಯಾವ ಸೋಪಿಗೆ, ಎಲ್ಲಕ್ಕೂ ಹಾಕುತ್ತಾರಾ ಅಂತ ಅವನು ಕೇಳಲಿಲ್ಲ. ಬಚ್ಚಲಿನ ಗೂಡಲ್ಲಿದ್ದದ್ದನ್ನು ತೆಗೆದು ಚರಂಡಿಗೆ ಎಸೆದ. ಕೊಬ್ಬು ಸವರಿದ ಕೈಯಲ್ಲಿ ಲಿಂಗ ಮುಟ್ಟಿದರೆ ಲಿಂಗಕ್ಕೇ ಮೈಲಿಗೆ ಅಂದ. ಅಂದಿನಿಂದ ಕಡಲೆಹಿಟ್ಟು, ಸೀಗೆಪುಡಿ. ಬೇಸಗೆ ಬರುವ ಹೊತ್ತಿಗೆ ಬೆನ್ನೆಲ್ಲ ಒಡೆದು, ಕಂಬಕ್ಕೆ ಬೆನ್ನು ಉಜ್ಜಿಕೊಂಡು ನಿಲ್ಲುತ್ತಿದ್ದ.

ಅದನ್ನು ನೋಡಲಾಗದೆ ಮಲ್ಲಾಜಮ್ಮ ಗುಂಡ್ಲುಪೇಟೆಯಲ್ಲಿ ಸ್ತ್ರೀಶಕ್ತಿ ಸಂಘದವರಿಗೆ ಸೋಪು ಮಾಡುವುದನ್ನು ಕಲಿಸುತ್ತಾರೆ ಅಂತ ತಿಳಿದು ನಾಲ್ಕು ದಿನ ಬಸ್ಸು ಹತ್ತಿದಳು. ಎಣ್ಣೆ ಎಷ್ಟು, ಕಾಸ್ಟಿಕ್ ಸೋಡಾ ಎಷ್ಟು, ನೀರೆಷ್ಟು ಅಂತ ಕಲಿತು ಬಂದಳು. ಹಿತ್ತಿಲಲ್ಲಿ ಹೊಂಗೆ ಮರ ಇತ್ತು, ಹೊಂಗೆ ಎಣ್ಣೆಯಲ್ಲೇ ಮೊದಲ ಸೋಪು ಮಾಡಿದಳು. ಮಾವ ಮಿಂದು ಬಂದ. ಪೂಜೆಗೆ ಕೂತವನು ಎದ್ದುಬಿಟ್ಟ.

"ನಾನಾದ್ರೆ ಮೂಗು ಮುಚ್ಕತೀನಿ ಕಣವ್ವ. ಪಾಪ, ಶಿವ ಏನ್ ಮಾಡ್ತನ?"

ಮಲ್ಲಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗಂಡ ಹೋದ ಮೇಲೆ ಆ ಮನೆಯಲ್ಲಿ ಅವಳು ನಕ್ಕಿದ್ದು ಅವತ್ತೇ ಮೊದಲು.

ಆಮೇಲೆ ಶುರುವಾಯಿತು ವಾಸನೆಯ ಹುಡುಕಾಟ. ಸುಗಂಧರಾಜದ ಹೂ ಬಿಡಿಸಿ ಸೋಪಿನ ಹಿಟ್ಟಿಗೆ ಹಾಕಿದಳು. ಗಳಿಗೆಯೊಳಗೆ ಹೂವೆಲ್ಲ ಕಂದಿ ನಶ್ಯದ ಬಣ್ಣಕ್ಕೆ ತಿರುಗಿತು, ಗಮ ಅನ್ನುವುದರ ಸುಳಿವಿಲ್ಲ. ಹೂವನ್ನೇ ಹಾಕಿದರೆ ಕಾಸ್ಟಿಕ್ಕು ತಿಂದುಹಾಕುತ್ತದೆ, ಅದರ ಎಣ್ಣೆ ಇಳಿಸಿ ಹಾಕಬೇಕು ಅಂತ ಕಲಿಸಿದ ಮೇಡಮ್ಮು ಫೋನಿನಲ್ಲಿ ಹೇಳಿದರು. ಕೊಂಡ ಎಣ್ಣೆ ಸಾಚಾನೋ ಅಲ್ಲವೋ ನೋಡುವ ಬಗೆಯನ್ನೂ ಅವರೇ ಹೇಳಿಕೊಟ್ಟರು. ಬಿಳೀ ಹಾಳೆಯ ಮೇಲೆ ಒಂದು ತೊಟ್ಟು ಬಿಟ್ಟು ಬಿಸಿಲಿಗಿಡು. ಸಾಚಾ ಆದರೆ ಹಾರಿಹೋಗುತ್ತದೆ. ಬೆರಕೆ ಆದರೆ ಜಿಡ್ಡಿನ ಕಲೆ ಉಳಿಯುತ್ತದೆ. ಊಟಿ ಕಡೆಯಿಂದ ಸೀಸೆ ಹೊತ್ತು ಬಂದವನ ನೀಲಗಿರಿ ಎಣ್ಣೆಯನ್ನು ಅವಳು ಜಗಲಿಯಲ್ಲೇ ಹಾಗೆ ನೋಡಿದಳು. ಕಲೆ ಕಾಸಗಲ ನಿಂತಿತು. ಅವನು ಚೀಲ ಎತ್ತಿಕೊಂಡು ಹೋದ. ಅವತ್ತು ಬೀದಿಗೆ ಬೀದಿಯೇ ಭಲೆ ಅಂದಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಕಡೆಗೆ ವಾಸನೆ ಸಿಕ್ಕಿದ್ದು ಕಾಲ ಕೆಳಗೆ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಸೀಮೆಯಲ್ಲಿ ಅರಿಶಿನ ಕೀಳುತ್ತಾರಲ್ಲ, ಕೀಳುವ ಮುಂಚೆ ಎಲೆ ಕೊಯ್ದು ಹೊಲದಲ್ಲೇ ಬಿಸಾಡುತ್ತಾರೆ. ದನ ಮೂಸುವುದಿಲ್ಲ. ಒಣಗಿಸಿ ಬೆಂಕಿ ಇಡುತ್ತಾರೆ. ಆ ಎಲೆ ತುಳಿದುಕೊಂಡು ಬಂದ ದಿನ ಮಲ್ಲಾಜಮ್ಮನ ಪಾದ ಸಂಜೆವರೆಗೂ ಗಮ್ಮನ್ನುತ್ತಿತ್ತು. ಇಷ್ಟು ದಿನ ಸುಟ್ಟು ಹೊಗೆ ಮಾಡಿದೆವಲ್ಲ ಅಂದುಕೊಂಡಳು.

ತವರಿನವರು ಮದುವೆಗೆ ಕೊಟ್ಟಿದ್ದ ತಾಮ್ರದ ಹಂಡೆ ಇತ್ತು. ಅದಕ್ಕೆ ಬಿಗಿಯಾಗಿ ಕೂರುವ ಮುಚ್ಚಳ ಮಾಡಿಸಿ, ಮುಚ್ಚಳಕ್ಕೆ ತೂತು ಹೊಡೆಸಿ, ತೂತಿಗೆ ಒಂದು ತಾಮ್ರದ ಕೊಳವೆ ಬೆಸೆಸಿದಳು. ಹಂಡೆಯಲ್ಲಿ ನೀರು, ನೀರಿನ ಮೇಲೆ ತೂತು ಕೊರೆದ ಹಲಗೆ, ಹಲಗೆಯ ಮೇಲೆ ಎಲೆ. ಕೆಳಗೆ ಉರಿ. ಆವಿ ಕೊಳವೆಯಲ್ಲಿ ಬಂದು ತಣ್ಣೀರಿನ ಬಾನಿಯೊಳಗೆ ಹಾದು ಸೀಸೆಗೆ ತೊಟ್ಟಿಕ್ಕಬೇಕು. ಇಡೀ ಮೂಟೆ ಎಲೆ ಬೇಯಿಸಿದರೆ ನೀರಿನ ಮೇಲೆ ತೇಲಿ ನಿಲ್ಲುವುದು ಕಾಲು ಲೋಟ ಎಣ್ಣೆ. ಬದುವಿನಲ್ಲಿ ನಿಂಬೆಹುಲ್ಲು ಹಾಕಿ ಅದರ ಎಣ್ಣೆಯನ್ನೂ ಹಾಗೇ ಇಳಿಸಿದಳು. ಕಪ್ಪು ಸೀಸೆಗೆ ಹಾಕಿ ರಾಗಿ ತುಂಬಿಟ್ಟ ಮಣ್ಣಿನ ವಾಡೆಯ ಹಿಂದೆ ಕತ್ತಲಲ್ಲಿ ಇಡುತ್ತಿದ್ದಳು. ಬೆಳಕು ಬಿದ್ದರೆ ಎಣ್ಣೆ ಮುನಿಸಿಕೊಳ್ಳುತ್ತದೆ ಅನ್ನುತ್ತಿದ್ದಳು.

ಸೋಪಿಗೆ ಆ ಎಣ್ಣೆ ಸೇರಿಸುವುದರಲ್ಲಿ ಅವಳದೊಂದು ಶಿಸ್ತು. ಹಿಟ್ಟು ಬಿಸಿಯಿದ್ದಾಗ ಹಾಕಬಾರದು, ಗಮವೆಲ್ಲ ಗಾಳಿಪಾಲು. ಕಡೆದು ಕಡೆದು ಇಡ್ಲಿ ಹಿಟ್ಟಿನ ಹದಕ್ಕೆ ಬಂದು, ಪಾತ್ರೆ ಮುಟ್ಟಿದರೆ ಬೆಚ್ಚಗೆ ಅನ್ನಿಸಬೇಕು, ಆಗ. ಚಮಚದಲ್ಲಿ ಅಳೆಯಬಾರದು, ತಕ್ಕಡಿಯಲ್ಲಿ ತೂಗಬೇಕು. ಒಂದು ಗ್ರಾಮು ಹೆಚ್ಚಾದರೂ ಮತ್ತೆ ಹಿಂದಕ್ಕೆ ಸುರಿಯುತ್ತಿದ್ದಳು. ಗಿಡದ್ದು ತಾನೇ, ಇನ್ನೊಂದು ಚೂರು ಬಿದ್ದರೆ ಏನಾಯಿತು ಅಂತ ಶಶಿರೇಖಾ ಒಮ್ಮೆ ಅಂದಿದ್ದಕ್ಕೆ, ಕಳ್ಳಿ ಹಾಲೂ ಗಿಡದ್ದೇ, ಕಣ್ಣಿಗೆ ಬಿಟ್ಟುಕೋ ನೋಡನ ಅಂದಿದ್ದಳು. ಅಚ್ಚಿಗೆ ಹುಯ್ದ ಮೇಲೆ, ಮಾವ ಹಣೆಗೆ ವಿಭೂತಿ ಎಳೆಯುವ ಹಾಗೆ ಮೂರು ಬೆರಳಲ್ಲಿ ಪ್ರತಿ ಸೋಪಿನ ಮೇಲೆ ಮೂರು ಗೆರೆ ಎಳೆಯುತ್ತಿದ್ದಳು. ಆಮೇಲೆ ಆರು ವಾರ ಅಟ್ಟದ ಮೇಲೆ ಒಣಗಬೇಕು.

ಎಳೆಗೂಸುಗಳಿಗೆ ಬೇರೆ ಸೋಪು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಅಷ್ಟೆ. ಅದಕ್ಕೆ ವಾಸನೆ ಹಾಕುತ್ತಲೇ ಇರಲಿಲ್ಲ. ಮಗುವಿಗೆ ಮಗುವಿನದೇ ವಾಸನೆ ಸಾಕು ಅನ್ನುತ್ತಿದ್ದಳು. ಬಾಣಂತಿ ಮನೆಯವರು ಗುಂಡ್ಲುಪೇಟೆಯಿಂದ, ಚಾಮರಾಜನಗರದಿಂದ ಬಂದು ಒಯ್ಯುತ್ತಿದ್ದರು. ಮಲ್ಲಾಜಮ್ಮನ ಸೋಪಾ, ಹಾಗಾದರೆ ಕಣ್ಣು ಮುಚ್ಚಿ ಹಾಕು ಅನ್ನುವ ಹೆಸರು ಬಂತು. ಹೊಲ ಇಲ್ಲ, ಗಂಡನಿಲ್ಲ, ಮಗನಿಲ್ಲ. ಆ ಹೆಸರೊಂದೇ ಅವಳ ಆಸ್ತಿ.

ಮಲ್ಲೇಶನಿಗೆ ಹೆದ್ದಾರಿಯಲ್ಲಿ ಒಂದು ಅಂಗಡಿ. ಆಷಾಢ, ಶ್ರಾವಣದಲ್ಲಿ ಸೂರ್ಯಕಾಂತಿ, ಚೆಂಡುಹೂ ಬಿಟ್ಟಾಗ ಕೇರಳದವರು ಕಾರು ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಅವರಿಗೆ ಎಳನೀರು, ಜೇನು, ಅತ್ತಿಗೆಯ ಸೋಪು ಮಾರುತ್ತಿದ್ದ. ಸುತ್ತುವ ಕಾಗದದ ಮೇಲೆ ಅವಳ ಹೆಸರು, ಅವಳ ಫೋಟೊ. ಹೋದ ಆಷಾಢದಲ್ಲಿ ಇದರ ಮೂರರಷ್ಟು ಮಾಡಿಕೊಡು ಅತ್ತಿಗೆ ಅಂದ. ಎಣ್ಣೆ ಇಲ್ಲವಲ್ಲಪ್ಪ, ಎಲೆ ಬರುವುದು ಸಂಕ್ರಾಂತಿ ಕಳೆದ ಮೇಲೆ ಅಂದಳು. ಅವನು ಆಯಿತು ಬುಡು ಅಂದ. ಆ 'ಆಯಿತು'ವಿನಲ್ಲಿ ಏನಿತ್ತು ಅಂತ ಅವಳಿಗೆ ತಿಳಿಯಲಿಲ್ಲ.

ತಿಳಿಯಬಹುದಾಗಿದ್ದ ದಿನವೂ ಒಂದು ಬಂತು. ಬಚ್ಚಲ ಗೂಡಿನ ಸೋಪು ಮುಗಿದಿತ್ತು, ಶಶಿರೇಖಾ ಅಂಗಡಿ ಪೆಟ್ಟಿಗೆಯಿಂದ ಒಂದು ತಂದಿಟ್ಟಳು. ಪುಟ್ಟಬಸಪ್ಪ ಒದ್ದೆ ಮೈಯಲ್ಲೇ ಹೊರಗೆ ಬಂದ. ಸೋಪನ್ನು ಎರಡು ಬೆರಳಲ್ಲಿ, ಸತ್ತ ಇಲಿ ಹಿಡಿದ ಹಾಗೆ ಹಿಡಿದಿದ್ದ.

"ಇದು ನಿನ್ದಲ್ಲ ಕಣವ್ವ. ಟೂರಿಸ್ಟ್ ಬಸ್ಸಲ್ಲಿ ಸೀಸೆ ನೇತಾಕಿರ್ತರಲ್ಲ, ಆ ಸೆಂಟಿನ ವಾಸ್ನೆ ಅದ ಇದ್ರಲ್ಲಿ."

ತಿಪ್ಪೆಗೆ ಎಸೆದ. ಅವಳು ಮೈದುನನನ್ನು ಕೇಳಿದಳು. ಊದುಕಡ್ಡಿ ಪೆಟ್ಟಿಗೆ ಪಕ್ಕ ಇಟ್ಟಿದ್ದೆ, ವಾಸನೆ ಹಿಡಿದಿದೆ ಅಂದ. ಅವಳು ನಂಬಿದಳು. ಪರವೂರಿನವನ ಎಣ್ಣೆಗೆ ಕಾಗದ ಹಿಡಿದ ಹೆಂಗಸು ಮನೆಯವನ ಮಾತಿಗೆ ಕಾಗದ ಹಿಡಿಯಲಿಲ್ಲ. ಅವಳದು ತಪ್ಪು ಅಂತ ಇದ್ದರೆ ಅದೊಂದೇ.

ಹದಿನೈದು ದಿನಕ್ಕೆ ಭೀಮನಬೀಡಿನಿಂದ ಗುರುಮಲ್ಲಮ್ಮ ಅನ್ನುವ ಮುದುಕಿ ಸೊಸೆ ಭವ್ಯಳನ್ನು ಕರೆದುಕೊಂಡು ಬಂದಳು. ಭವ್ಯಳ ಮಡಿಲಲ್ಲಿ ಎರಡು ತಿಂಗಳ ಕೂಸು. ಬಟ್ಟೆ ಸರಿಸಿ ತೋರಿಸಿದರು. ಕುತ್ತಿಗೆ, ಕಂಕುಳು, ತೊಡೆ ಸಂದಿ, ಎಲ್ಲ ಕೆಂಪಗೆ ಸುಲಿದು ನೀರಾಡುತ್ತಿತ್ತು. ಮಗು ಅತ್ತು ಅತ್ತು ದನಿಯೇ ಇರಲಿಲ್ಲ. ಡಾಕ್ಟರು ಮುಲಾಮು ಕೊಟ್ಟಿದ್ದಾರೆ, ವಾಸಿಯಾಗುತ್ತದೆ, ಆ ಸೋಪು ಮಾತ್ರ ಮುಟ್ಟಬೇಡಿ ಅಂದಿದ್ದಾರೆ ಅಂತ ಭವ್ಯ ಹೇಳಿದಳು. ಗುರುಮಲ್ಲಮ್ಮ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿನ್ನ ಹೆಸ್ರು ನೋಡಿ ತಂದೆ ಕಣವ್ವ."

ಮಲ್ಲಾಜಮ್ಮ ಅವರು ತಂದಿದ್ದ ಸೋಪು ತೆಗೆದುಕೊಂಡು ಮೂಸಿದಳು. ಮಗುವಿನ ಸೋಪು ಅಂತ ಕಾಗದದ ಮೇಲಿತ್ತು. ಮಗುವಿನ ಸೋಪಿಗೆ ವಾಸನೆ. ಮೇಲಿನ ಮೂರು ಗೆರೆ ಬೆರಳಿನದಲ್ಲ, ಫೋರ್ಕಿನಲ್ಲಿ ಗೀರಿದ್ದು. ಅವಳು ಚಪ್ಪಲಿ ಕೂಡ ಮೆಟ್ಟದೆ ಹೆದ್ದಾರಿಗೆ ನಡೆದಳು. ಮಲ್ಲೇಶ ಅಂಗಡಿಯಲ್ಲಿರಲಿಲ್ಲ. ಏಣಿ ಹಾಕಿ ಅಟ್ಟ ಹತ್ತಿದಳು. ಮೈಸೂರಿನಿಂದ ತಂದ ಬಿಳೀ ಸೋಪಿನ ಗಟ್ಟಿ, ಅದನ್ನು ಕರಗಿಸಿದ ಪಾತ್ರೆ, ಹಳದಿ ಬಣ್ಣ, ಐದು ಲೀಟರಿನ ಒಂದು ಸೆಂಟಿನ ಕ್ಯಾನು. ಅಳತೆಗೆ ಅಂತ ಇದ್ದದ್ದು ಎಳನೀರಿನ ಲೋಟ. ಕ್ಯಾನು ಎತ್ತಿಕೊಂಡು ಬಂದಳು.

ಅಷ್ಟರಲ್ಲಿ ಮಗುವಿನ ಮೈಯ ಚಿತ್ರ, ಪಕ್ಕದಲ್ಲಿ ಇವಳ ಫೋಟೊ ಇರುವ ಕಾಗದ, ಎರಡೂ ಊರೂರ ಮೊಬೈಲುಗಳಲ್ಲಿ ಓಡಾಡುತ್ತಿದ್ದವು. ಮಲ್ಲೇಶ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. ಅತ್ತಿಗೆಗೆ ಕಣ್ಣು ಮಂಜಾಗಿದೆ, ಎಣ್ಣೆ ಜಾಸ್ತಿ ಬಿದ್ದುಹೋಗಿದೆ ಅಂತ. ಒಂದು ಗ್ರಾಮು ಹೆಚ್ಚಾದರೆ ಹಿಂದಕ್ಕೆ ಸುರಿಯುವ ಕೈಯನ್ನು ಹಾಗೆ ಅಂದ. ಅದನ್ನು ಕೇಳಿದವರು ಹೌದೇನೋ ಅಂದರು. ನೋಡಿ, ಅನ್ಯಾಯ ಮಾಡುವವನು ಒಬ್ಬನೇ. ಅದಕ್ಕೆ ಹೌದೇನೋ ಅನ್ನುವವರು ಮಾತ್ರ ಊರ ತುಂಬ ಸಿಗುತ್ತಾರೆ. ಸುಧಾಮಣಿಯ ಮನೆಯಿಂದ ಎರಡು ಸೋಪು ಕವರಿನ ಸಮೇತ ಬೀದಿಗೆ ಬಿದ್ದವು.

ಭಾನುವಾರ ಪುಟ್ಟಬಸಪ್ಪನ ಜಗಲಿಯಲ್ಲೇ ನ್ಯಾಯ ಸೇರಿತು. ಸೇರಿಸಿದವನು ಮಲ್ಲೇಶನೇ. ಬೀದಿಯ ಯಜಮಾನ ನಂಜಯ್ಯ, ಹಾಲಿನ ಡೇರಿಯ ಶಾಂತರಾಜು, ಇನ್ನೂ ಐದಾರು ಗಂಡಸರು ಕೂತರು. ಹೆಂಗಸರು ಅವರವರ ಬಾಗಿಲಲ್ಲಿ ನಿಂತರು. ಪುಟ್ಟಬಸಪ್ಪ ಕಂಬಕ್ಕೆ ಒರಗಿ ಕೂತಿದ್ದ. ಮಲ್ಲಾಜಮ್ಮ ಕ್ಯಾನು ತಂದು ನಡುವೆ ಇಟ್ಟಳು. ತನ್ನ ಕಪ್ಪು ಸೀಸೆ ತಂದಳು. ಕ್ಯಾಲೆಂಡರಿನ ಹಳೇ ಹಾಳೆ ಹರಿದು ಹಿಂಬದಿ ತಿರುಗಿಸಿ, ಬಲಕ್ಕೆ ಸೀಸೆಯಿಂದ ಒಂದು ತೊಟ್ಟು, ಎಡಕ್ಕೆ ಕ್ಯಾನಿನಿಂದ ಒಂದು ತೊಟ್ಟು ಬಿಟ್ಟು, ಮೆಟ್ಟಿಲ ಬಿಸಿಲಿಗೆ ಹರವಿ ನಾಲ್ಕು ಮೂಲೆಗೂ ಕಲ್ಲು ಹೇರಿದಳು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಊಟಿ ಎಣ್ಣೆಯವನ ದಿನ ಅವರೆಲ್ಲ ಅಲ್ಲೇ ಕೂತಿದ್ದವರು.

ಶಶಿರೇಖಾ ಕಾಪಿ ತಂದಳು. ಕುಡಿದರು. ಎಲೆಯಡಿಕೆ ಹಾಕಿಕೊಂಡರು. ಮಳೆಯ ಮಾತು, ಡೇರಿಯ ಮಾತು ಆಡಿದರು. ಹಾಳೆಯ ಕಡೆ ಯಾರೂ ನೋಡಲಿಲ್ಲ, ಎಲ್ಲರೂ ನೋಡಿದರು. ಬಲಗಡೆಯ ತೊಟ್ಟು ಸಣ್ಣಗಾಗಿ, ಇನ್ನೂ ಸಣ್ಣಗಾಗಿ, ಇಲ್ಲವೇ ಇಲ್ಲ ಅನ್ನುವಂತಾಯಿತು. ಎಡಗಡೆಯದು ದೋಸೆಯ ಹಾಗೆ ಹರಡಿಕೊಂಡು ಮಿರಮಿರ ಮಿಂಚುತ್ತ ನಿಂತಿತು. ಶಾಂತರಾಜು ಹಾಳೆ ಎತ್ತಿ ಬೆಳಕಿಗೆ ಹಿಡಿದ. ಮಲ್ಲೇಶನ ಮುಖ ನೋಡಿದ. ಮಲ್ಲೇಶ ಮೊಬೈಲು ನೋಡುತ್ತಿದ್ದ.

ಅಲ್ಲಿಗೆ ನ್ಯಾಯ ಮುಗಿಯಬೇಕಿತ್ತಲ್ಲವೇ? ನಂಜಯ್ಯ ಗಂಟಲು ಸರಿಮಾಡಿಕೊಂಡ.

"ನಿಜ ಕಣವ್ವ, ಇಲ್ಲ ಅನ್ನಕಿಲ್ಲ. ಆದ್ರೂವೆ ಗಂಡಸು ಅಂಗ್ಡಿ ಮಡಿಕಂಡವ್ನ, ಸಂಸಾರ ಅದ. ನೀನು ಒಬ್ಬೋಳು. ಮೊಬೈಲ್ ಮುಂದ ನಿಂತ್ಕಂಡು, ಎಣ್ಣೆ ಒಸಿ ಜಾಸ್ತಿ ಆಗೋಯ್ತು, ತಪ್ಪಾಯ್ತು ಅಂತ ಒಂದು ಮಾತು ಏಳ್ಬುಡು. ಎಂಗಸ್ರು ಕೈತಪ್ಪು ಅಂತ ಜನ ಮರ್ತೋಯ್ತರ. ಮನೆ ಮಾತು ಮನೇಲಿ ಇರ್ಲಿ."

ಮಲ್ಲೇಶ ಆಗಲೇ ಮೊಬೈಲು ಎತ್ತಿ ಹಿಡಿದಿದ್ದ. ಹತ್ತು ಸೆಕೆಂಡು ಸಾಕು ಅತ್ತಿಗೆ, ಅಂದ.

ಜನ ಮರೆಯುತ್ತಾರಂತೆ. ಯಾರ ಹೆಸರು ಯಾರು ಮರೆಯಬೇಕು? ಹೊಲ ಮನೆಯೆಲ್ಲ ಇರುವವನ ಅಂಗಡಿ ಉಳಿಯಲಿ ಅಂತ, ಒಂದು ಹೆಸರು ಬಿಟ್ಟು ಬೇರೇನೂ ಇಲ್ಲದವಳು ಆ ಹೆಸರನ್ನು ತಾನೇ ಕೊಯ್ದು ಕೊಡಬೇಕು. ಕಲೆ ಬಿದ್ದ ಹಾಳೆ ಕೈಯಲ್ಲಿ ಹಿಡಿದುಕೊಂಡೇ ಅವರು ಅದನ್ನು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಹೆಂಗಸರಲ್ಲೂ ಒಬ್ಬಳೂ ತುಟಿ ಬಿಚ್ಚಲಿಲ್ಲ. ಸುಧಾಮಣಿ ಸೆರಗಿನ ಅಂಚು ನೋಡುತ್ತಿದ್ದಳು.

ಮಲ್ಲಾಜಮ್ಮ ಅವರಲ್ಲಿ ಯಾರನ್ನೂ ಕೇಳಲಿಲ್ಲ. ಕಂಬದ ಕಡೆ ತಿರುಗಿದಳು. ಅಂಗಡಿಯ ಸೋಪನ್ನು ಮೂಸಿ ತಿಪ್ಪೆಗೆ ಎಸೆದವನು ಮಾವನೇ. ಅವನು ಒಂದು ಮಾತು ಅಂದರೆ ನಂಜಯ್ಯನೂ ತಲೆ ಬಾಗಿಸಬೇಕು.

"ಮಾವಯ್ಯ, ನೀವು ಮೂಸಿದ್ರಿ. ನಿನ್ದಲ್ಲ ಅಂತ ನೀವೇ ಅಂದ್ರಿ. ಅದ್ನೇ ಇವ್ರ್ಗೂ ಏಳಿ."

ಪುಟ್ಟಬಸಪ್ಪ ಅವಳನ್ನು ನೋಡಿದ, ಮಗನನ್ನು ನೋಡಿದ. ಮಡಿಲಲ್ಲಿದ್ದ ವಿಭೂತಿ ಗಟ್ಟಿಯನ್ನು ಬೆರಳಿನಿಂದ ತಿಕ್ಕುತ್ತ ಕೂತ. ಹಿತ್ತಿಲಲ್ಲಿ ಎಮ್ಮೆ ಕೂಗಿತು. ಅವನು ತಿಕ್ಕುತ್ತಲೇ ಇದ್ದ. ಬೆರಳೆಲ್ಲ ಬಿಳಿಯಾಯಿತು.

ಮಲ್ಲಾಜಮ್ಮ ದನಿಯೇರಿಸದೆ ಕೇಳಿದಳು.

"ಕೊಬ್ಬು ಮುಟ್ಟಿದ್ರೆ ಲಿಂಗಕ್ಕ ಮೈಲಿಗೆ ಅಂದ್ರಿ. ಅದ್ಕೇ ನಾನು ಈ ಕೆಲ್ಸ ಕಲ್ತೆ. ಸುಳ್ಳು ಮುಟ್ಟಿದ್ರೆ ಏನೂ ಆಗಕಿಲ್ವಾ, ಮಾವಯ್ಯ?"

ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಂಡೆ ಸೊಂಟದ ಮೇಲೆ ಬಂತು. ಹಂಡೆಯೊಳಗೆ ಎರಡು ಸೀರೆ, ತಕ್ಕಡಿ, ಕಪ್ಪು ಸೀಸೆಗಳು. ಬಚ್ಚಲ ಗೂಡಿನಲ್ಲಿ ಮಾವನಿಗೆಂದು ಇಟ್ಟಿದ್ದ ಅರ್ಧ ಸವೆದ ಸೋಪನ್ನೂ ಹಸಿಯಾಗಿಯೇ ಎತ್ತಿಕೊಂಡಿದ್ದಳು. ಶಾಂತರಾಜುವಿನ ಕೈಯಿಂದ ಹಾಳೆ ತೆಗೆದುಕೊಂಡು ಜಗಲಿಯ ಕಂಬದ ಮೊಳೆಗೆ, ಕಲೆ ಬೀದಿಗೆ ಕಾಣುವ ಹಾಗೆ ಚುಚ್ಚಿದಳು. ಎಲ್ಲಿಗಮ್ಮಾ ಅಂತ ನಂಜಯ್ಯ ಕೇಳಿದ. ಮೊದಲು ಭೀಮನಬೀಡಿಗೆ, ಆ ಮಗುವಿನ ಅಜ್ಜಿಗೆ ಹೇಳಬೇಕಾದ್ದು ಇದೆ ಅಂದಳು. ಆಮೇಲೆ ಹರದನಹಳ್ಳಿಗೆ, ತಂಗಿ ಭಾಗ್ಯಳ ಮನೆಗೆ. ಅಲ್ಲೂ ಅರಿಶಿನದ ಎಲೆ ಸುಡುತ್ತಾರೆ ಅಂದಳು.

ಮೆಟ್ಟಿಲಿಳಿದು ಹೋದಳು. ಜಗಲಿಯವರು ನಿಟ್ಟುಸಿರು ಬಿಟ್ಟರು. ಸಂಜೆಗೆ ಬತ್ತಳ ಬುಡು, ಎಲ್ಲಿಗೋದಾಳು ಅಂತ ಮಲ್ಲೇಶ ಅನ್ನುತ್ತಿದ್ದ ಹಾಗೇ ಬೀದಿಯ ತಿರುವಿನಲ್ಲಿ ಅವಳು ನಿಂತದ್ದು ಕಂಡಿತು. ತಿರುಗಿದಳು. ವಾಪಸ್ಸು ಬಂದಳು.

ಮಲ್ಲೇಶ ಮೊಬೈಲು ಮತ್ತೆ ಎತ್ತಿ ಹಿಡಿದ. ಶಶಿರೇಖಾ ಬಾಗಿಲಿಂದ ಪಕ್ಕಕ್ಕೆ ಸರಿದಳು. ಪುಟ್ಟಬಸಪ್ಪ ಕಂಬ ಹಿಡಿದು ಎದ್ದು ನಿಂತ, ಬಾಯಿ ತೆರೆದ. ಮಲ್ಲಾಜಮ್ಮ ಮೂವರನ್ನೂ ದಾಟಿಕೊಂಡು ಹಿತ್ತಿಲಿಗೆ ಹೋದಳು. ಒಲೆಯ ಪಕ್ಕದ ಗೋಡೆಗೆ ಆನಿಸಿಟ್ಟಿದ್ದ ಮುಚ್ಚಳ, ಅದಕ್ಕೆ ಬೆಸೆದ ತಾಮ್ರದ ಕೊಳವೆ, ಅದನ್ನು ಮರೆತಿದ್ದಳು. ಕಂಕುಳಲ್ಲಿ ಇರುಕಿಕೊಂಡಳು. ಬಂದ ದಾರಿಯಲ್ಲೇ, ತೆರೆದ ಬಾಯಿಯ ಮುಂದೆಯೇ ಹಾದು, ಹೊಸಿಲು ದಾಟಿದಳು. ಕೊಳವೆಯ ತುದಿ ಬಾಗಿಲ ಚೌಕಟ್ಟಿಗೆ ತಗುಲಿ ಟಣ್ ಅಂದಿತು. ಬಗ್ಗಿದೆಯೋ ಏನೋ ಅಂತ ಅದನ್ನೇ ಬೆರಳಿನಲ್ಲಿ ಸವರಿ ನೋಡುತ್ತ, ಬಸ್ಸಿನ ಕಡೆ ನಡೆದಳು.